ನೆಲಗಡಲಿಗೆ ಮರಳಿ

ಒಮ್ಮೆ ಓದಿದ ಗ್ರಂಥವನ್ನು ಮತ್ತೆ ಓದುವ ಅಭ್ಯಾಸ ನಮ್ಮಲ್ಲಿ ಹೊಸದಲ್ಲ. ಗದುಗಿನ ಭಾರತವನ್ನೋ ಜೈಮಿನಿಯನ್ನೋ ವರ್ಷಕ್ಕೊಮ್ಮೆ ಓದಿಸಿ ಕೇಳುತ್ತಿದ್ದ ಮನೆಗಳು ನಾಡಿನಲ್ಲಿ ಬೇಕಾದಷ್ಟಿದ್ದವು. ಆ ಓದಿನಲ್ಲಿ ಮುಂದೇನಾಗುವುದೋ ಎಂಬ ಕುತೂಹಲಕ್ಕೆ ಎಡೆಯಿಲ್ಲ. ತಿಳಿದದ್ದನ್ನೇ ಮತ್ತೆ ಕೇಳುವ ಸುಖವೇ ಅಲ್ಲಿ ಮುಖ್ಯ. ನಾನು ಈಗ ಹೇಳಹೊರಟಿರುವುದು ಬೇರೊಂದು ಬಗೆಯ ಮರುಓದಿನ ವಿಷಯ. ಹಲವು ಸಂಪುಟಗಳಲ್ಲಿ ಹರಡಿದ ಕಲ್ಪಿತ ಲೋಕವೊಂದನ್ನು ಎಳೆಯ ಪ್ರಾಯದಲ್ಲಿ ಓದಿ, ಬದುಕಿನ ಬಹುಭಾಗ ಕಳೆದ ಮೇಲೆ ಅದರ ಬಳಿಗೆ ಹಿಂದಿರುಗಿದರೆ, ನಾವಿಲ್ಲದ ಹೊತ್ತಿನಲ್ಲಿ ಆ ಲೋಕವೂ ವಯಸ್ಸಾಗಿರುವುದನ್ನು ಕಾಣುತ್ತೇವೆ. ಎಲ್ಲ ಕಥಾಮಾಲೆಗಳಲ್ಲೂ ಹೀಗಾಗುವುದಿಲ್ಲ. ಬಹುಪಾಲು ಮಾಲೆಗಳು ಉದ್ದವಾಗುತ್ತವೆ, ಅಷ್ಟೇ. ವಯಸ್ಸಾಗುವ ಮಾಲೆ ಅಪರೂಪ.

ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ ಅವರ ‘ಅರ್ಥ್‌ಸೀ’ ಅಂಥ ಅಪರೂಪದ ಮಾಲೆ. ನೆಲ, ಕಡಲು ಎಂಬೆರಡು ಮಾತುಗಳನ್ನು ಬೆಸೆದು ಮಾಡಿದ ಹೆಸರು ಅದು. ಕನ್ನಡದಲ್ಲಿ ನೆಲಗಡಲು ಎನ್ನಬಹುದು. ಮೊದಲ ಪುಸ್ತಕ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ 1968ರಲ್ಲಿ ಬಂತು. ‘ದ ಟೂಂಬ್ಸ್ ಆಫ್ ಅಟುವಾನ್’ 1971ರಲ್ಲಿ, ‘ದ ಫಾರ್ದೆಸ್ಟ್ ಶೋರ್’ 1972ರಲ್ಲಿ. ಮೂರಕ್ಕೆ ಕಥೆ ಮುಗಿಯಿತೆಂದು ಓದುಗರು ತಿಳಿದರು. ಹದಿನೆಂಟು ವರ್ಷಗಳ ನಂತರ, 1990ರಲ್ಲಿ, ‘ಟೆಹಾನು’ ಪ್ರಕಟವಾಯಿತು. ಅದರ ಮೇಲೆ ‘ಅರ್ಥ್‌ಸೀಯ ಕೊನೆಯ ಪುಸ್ತಕ’ ಎಂಬ ಉಪಶೀರ್ಷಿಕೆಯಿತ್ತು. ಅದೂ ಕೊನೆಯದಾಗಲಿಲ್ಲ. 2001ರಲ್ಲಿ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಎಂಬ ಕಥೆಗಳ ಸಂಕಲನವೂ ‘ದಿ ಅದರ್ ವಿಂಡ್’ ಎಂಬ ಕಾದಂಬರಿಯೂ ಹೊರಬಂದವು. ಲೇಖಕಿ 2018ರ ಜನವರಿ 22ರಂದು, ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರು ಪುಸ್ತಕಗಳನ್ನೂ ಬಿಡಿಕಥೆಗಳನ್ನೂ ಕೂಡಿಸಿ ಚಾರ್ಲ್ಸ್ ವೆಸ್ ಎಂಬ ಕಲಾವಿದರ ಚಿತ್ರಗಳೊಡನೆ ಒಂದೇ ಸಂಪುಟವಾಗಿ ಅದೇ ವರ್ಷ ಅಚ್ಚುಹಾಕಿದರು. ಈ ದ್ವೀಪಗಳು ಮೊದಲು ಕಾಣಿಸಿಕೊಂಡ ಎರಡು ಸಣ್ಣಕಥೆಗಳು 1964ರವು. ಅಂದರೆ ಒಬ್ಬ ಲೇಖಕಿ ಒಂದೇ ಲೋಕದ ಜೊತೆ ಅರ್ಧ ಶತಮಾನ ಬಾಳಿದ್ದಾರೆ.

ನಾನು ಮೊದಲ ಮೂರನ್ನು ಓದಿದ್ದು 1979ರಲ್ಲಿ, ಎಂ.ಎ. ಓದುತ್ತಿದ್ದಾಗ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಪಫಿನ್ ಪ್ರಕಾಶನದ ಮೂರು ತೆಳುವಾದ ಪ್ರತಿಗಳು ಒಟ್ಟಿಗೇ ಸಿಕ್ಕವು. ಮಕ್ಕಳಿಗೆಂದು ಅಚ್ಚಾದ ಪುಸ್ತಕಗಳು. ಪಠ್ಯದ ಭಾರದ ನಡುವೆ ಒಂದು ಬಿಡುವು ಎಂದೇ ಕೊಂಡದ್ದು. ಒಂದು ವಾರದಲ್ಲಿ ಮುಗಿದವು. ಆಮೇಲೆ ಮದುವೆ, ಕಾಲೇಜಿನ ಪಾಠ, ಮಕ್ಕಳು, ವರ್ಗಾವಣೆ. ಮುಂದಿನ ಪುಸ್ತಕಗಳು ಬಂದಿವೆಯೆಂಬ ಸುದ್ದಿ ಕಿವಿಗೆ ಬಿದ್ದಿದ್ದರೂ ಅವನ್ನು ಹುಡುಕುವ ಸಂದರ್ಭ ಒದಗಲಿಲ್ಲ. ಹೊರದೇಶದಲ್ಲಿರುವ ಮಗಳು ಆ ದೊಡ್ಡ ಸಂಪುಟವನ್ನು ಕಳುಹಿಸಿಕೊಟ್ಟದ್ದು ಮೊನ್ನೆ ಮೊನ್ನೆ. ಕೈಯಲ್ಲಿ ಹಿಡಿದು ಓದಲಾಗದಷ್ಟು ಭಾರ. ಮೇಜಿನ ಮೇಲಿಟ್ಟು, ಮೊದಲ ಪುಟದಿಂದಲೇ ಆರಂಭಿಸಿದೆ.

ಈ ಲೋಕದ ಸ್ವರೂಪವನ್ನು ಮೊದಲು ಹೇಳಬೇಕು. ಎಲ್ಲೆಲ್ಲೂ ಕಡಲು, ಅದರಲ್ಲಿ ಚೆಲ್ಲಿದಂತೆ ನೂರಾರು ದ್ವೀಪಗಳು. ಲೇಖಕಿ ಕಥೆ ಬರೆಯುವ ಮುನ್ನ ನಕ್ಷೆ ಬರೆದುಕೊಂಡವರು. ಆ ದ್ವೀಪಗಳಲ್ಲಿ ರೈತರು, ಕುಶಲಕರ್ಮಿಗಳು, ನಾವಿಕರು ಇರುವಂತೆಯೇ ಮಾಂತ್ರಿಕರೂ ಇದ್ದಾರೆ. ಊರಿಗೊಬ್ಬ ಮಾಟಗಾತಿ, ದೋಣಿಗೆ ಗಾಳಿ ತರುವ, ಒಡೆದದ್ದನ್ನು ಕೂಡಿಸುವ ಸಣ್ಣ ವಿದ್ಯೆಯವರು, ರೋಕ್ ಎಂಬ ದ್ವೀಪದಲ್ಲಿ ಕಲಿತು ಬಂದ ದೊಡ್ಡ ವಿದ್ಯೆಯವರು. ಮಂತ್ರವಿದ್ಯೆಯ ಆಧಾರ ನಾಮ. ಪ್ರತಿಯೊಂದು ವಸ್ತುವಿಗೂ ಜೀವಿಗೂ ಆದಿಭಾಷೆಯಲ್ಲಿ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರವುಂಟು. ಆದ್ದರಿಂದ ಮನುಷ್ಯರು ತಮ್ಮ ನಿಜನಾಮವನ್ನು ಬಚ್ಚಿಟ್ಟುಕೊಂಡು, ಹೊರಗಿನ ಬಳಕೆಗೆ ಬೇರೊಂದು ಹೆಸರನ್ನು ಇಟ್ಟುಕೊಳ್ಳುತ್ತಾರೆ. ನಿಜನಾಮವನ್ನು ಒಬ್ಬರಿಗೆ ಹೇಳುವುದೆಂದರೆ ಪ್ರಾಣವನ್ನು ಅವರ ಕೈಗಿತ್ತಂತೆ.

ಗಂಡನ ಹೆಸರನ್ನು ನಾಲಿಗೆಯ ಮೇಲೆ ತಾರದ ತಾಯಂದಿರನ್ನೂ ಅಜ್ಜಿಯರನ್ನೂ ಕಂಡ ನಮಗೆ ಈ ಕಲ್ಪನೆ ವಿಚಿತ್ರವಾಗಿ ತೋರಬೇಕಾದ್ದಿಲ್ಲ. ಉತ್ತರ ಕರ್ನಾಟಕದ ಕಡೆ ಶುಭಕಾರ್ಯಗಳಲ್ಲಿ ಹೆಂಗಸರು ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಗಂಡನ ಹೆಸರನ್ನು ಹೇಳಿ ನಾಚುವುದನ್ನು ನಾನು ಬಲ್ಲೆ. ಹೆಸರಿಗೆ ತೂಕವಿದೆಯೆಂಬ ನಂಬಿಕೆ ಅನೇಕ ಜನಾಂಗಗಳಲ್ಲಿ ಹಳೆಯದು. ಲೆ ಗ್ವಿನ್ ಅವರ ಮನೆಯಲ್ಲೇ ಅದರ ಒಂದು ಪ್ರಸಂಗವಿತ್ತು. ತಂದೆ ಆಲ್ಫ್ರೆಡ್ ಕ್ರೋಬರ್ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ, ಆಚಾರಗಳನ್ನು ಬರೆದಿಟ್ಟ ಪ್ರಸಿದ್ಧ ಮಾನವಶಾಸ್ತ್ರಜ್ಞ. ತಾಯಿ ಥಿಯೊಡೊರಾ, ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದ ಕೊನೆಯ ಮನುಷ್ಯನ ಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದರು. ಆ ಮನುಷ್ಯನನ್ನು ಲೋಕ ‘ಇಶಿ’ ಎಂದು ಕರೆಯಿತು. ಅವನ ಭಾಷೆಯಲ್ಲಿ ಅದಕ್ಕೆ ‘ಮನುಷ್ಯ’ ಎಂದಷ್ಟೇ ಅರ್ಥ. ತನ್ನ ನಿಜವಾದ ಹೆಸರನ್ನು ಅವನು ಯಾರಿಗೂ ಹೇಳದೆ 1916ರಲ್ಲಿ ತೀರಿಕೊಂಡ. ತಾಯಿ ಬರೆದ ಆ ಚರಿತ್ರೆಯನ್ನೂ ಮಗಳು ಕಟ್ಟಿದ ಈ ದ್ವೀಪಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದಿರುವುದು ಕಷ್ಟ.

ಮೊದಲ ಮೂರು ಪುಸ್ತಕಗಳ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುತ್ತಿದ್ದ ತಾಯಿಯಿಲ್ಲದ ಹುಡುಗ. ಹದಿಮೂರು ತುಂಬಿದ ದಿನ ಓಗಿಯಾನ್ ಎಂಬ ಮಿತಭಾಷಿ ಗುರು ಅವನಿಗೆ ಗೆಡ್ ಎಂಬ ನಿಜನಾಮವನ್ನು ಕೊಡುತ್ತಾನೆ. ಹುಡುಗ ರೋಕ್‌ನ ಗುರುಕುಲಕ್ಕೆ ಹೋಗುತ್ತಾನೆ. ಜೊತೆಯವನ ಮೇಲಿನ ಪಂತಕ್ಕೆ, ಅಹಂಕಾರಕ್ಕೆ, ಸತ್ತವರ ಲೋಕದಿಂದ ಒಬ್ಬಳನ್ನು ಕರೆಯುತ್ತಾನೆ. ತೆರೆದ ಬಿರುಕಿನಿಂದ ಒಂದು ನೆರಳು ನುಗ್ಗಿ ಬರುತ್ತದೆ. ಆ ನೆರಳಿಗೆ ಅಂಜಿ ಓಡುವುದು, ಆಮೇಲೆ ತಿರುಗಿ ನಿಂತು ಅದನ್ನೇ ಬೆನ್ನಟ್ಟುವುದು, ಕಡೆಗೆ ಕಡಲ ಅಂಚಿನಲ್ಲಿ ಅದಕ್ಕೆ ತನ್ನದೇ ಹೆಸರಿಟ್ಟು ಕರೆಯುವುದು ಮೊದಲ ಪುಸ್ತಕದ ವಸ್ತು. ಎರಡನೆಯದರಲ್ಲಿ, ಐದನೆಯ ವಯಸ್ಸಿನಲ್ಲಿ ತಾಯಿಯ ಮಡಿಲಿಂದ ಕಿತ್ತು ತಂದು ನೆಲದಡಿಯ ಕತ್ತಲ ಶಕ್ತಿಗಳಿಗೆ ಅರ್ಚಕಿಯನ್ನಾಗಿ ಮಾಡಿದ ಟೆನಾರ್ ಎಂಬ ಹುಡುಗಿ. ಮುರಿದ ಉಂಗುರದ ಅರ್ಧವನ್ನರಸಿ ಬಂದ ಗೆಡ್ ಅವಳ ಸುರಂಗಗಳಲ್ಲಿ ಸಿಕ್ಕಿಬೀಳುತ್ತಾನೆ. ಅವಳು ಅವನನ್ನು ಉಳಿಸುತ್ತಾಳೆ, ಅವನು ಅವಳನ್ನು ಹೊರತರುತ್ತಾನೆ. ಮೂರನೆಯದರಲ್ಲಿ ಗೆಡ್ ಮಾಂತ್ರಿಕರ ಅಧಿಪತಿ. ಲೋಕದಿಂದ ಮಂತ್ರವೂ ಸಂತೋಷವೂ ಸೋರಿಹೋಗುತ್ತಿದೆ. ಸಾವನ್ನು ಒಲ್ಲದ ಒಬ್ಬ ಮಾಂತ್ರಿಕ ಬದುಕಿಗೂ ಸಾವಿಗೂ ನಡುವೆ ಕೊರೆದ ರಂಧ್ರವೇ ಇದಕ್ಕೆ ಕಾರಣ. ಗೆಡ್ ಎಳೆಯ ರಾಜಕುಮಾರನೊಬ್ಬನ ಜೊತೆ ಸತ್ತವರ ನಾಡಿಗೆ ಹೋಗಿ, ತನ್ನ ಶಕ್ತಿಯನ್ನೆಲ್ಲ ವೆಚ್ಚಮಾಡಿ ಆ ರಂಧ್ರವನ್ನು ಮುಚ್ಚುತ್ತಾನೆ. ರಾಜಕುಮಾರ ಅರಸನಾಗುತ್ತಾನೆ. ಬರಿಗೈಯವನಾದ ಗೆಡ್ ಡ್ರ್ಯಾಗನ್ ಒಂದರ ಬೆನ್ನೇರಿ ಹೊರಟುಹೋಗುತ್ತಾನೆ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗೆಡ್‌ನ ಮೈಬಣ್ಣ ತಾಮ್ರದ ಕಂದು. ಅವನ ಆಪ್ತಮಿತ್ರ ಕಪ್ಪಗಿನವನು. ಬಿಳಿಯರು ಈ ಲೋಕದಲ್ಲಿ ಮೂಡಣ ಅಂಚಿನ ದಂಡೆತ್ತಿ ಬರುವ ಜನ. ಟೆನಾರ್ ಆ ಜನದವಳು. 1968ರ ಅಮೆರಿಕದಲ್ಲಿ ಇದೊಂದು ಗಟ್ಟಿ ನಿರ್ಧಾರ. ಆದರೂ ಲೇಖಕಿ ಅದನ್ನು ಸಾರಿ ಹೇಳದೆ, ಓದುಗ ಗೆಡ್‌ನನ್ನು ಮೆಚ್ಚಿದ ಮೇಲೆ ನಿಧಾನವಾಗಿ ಕಾಣುವಂತೆ ಇಟ್ಟರು. 2004ರಲ್ಲಿ ಬಂದ ದೂರದರ್ಶನ ಧಾರಾವಾಹಿಯಲ್ಲಿ ಗೆಡ್ ಬಿಳಿಯನಾದ. ಅದನ್ನು ಲೇಖಕಿ ಬಹಿರಂಗವಾಗಿಯೇ ಖಂಡಿಸಿ ಬರೆದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1972ರಿಂದ 1990ರವರೆಗೆ ಹದಿನೆಂಟು ವರ್ಷ ಕಳೆದರೂ ಕಥೆಯೊಳಗೆ ಕಾಲ ಸರಿದಿಲ್ಲ. ಮೂರನೆಯ ಪುಸ್ತಕದ ಕೊನೆಯಲ್ಲಿ ಡ್ರ್ಯಾಗನ್ ಏರಿ ಹೊರಟವನು ನಾಲ್ಕನೆಯದರ ಆರಂಭದ ಅಧ್ಯಾಯಗಳಲ್ಲಿ ಗಾಂಟ್‌ನ ಬಂಡೆಯ ಮೇಲೆ ಬಂದು ಇಳಿಯುತ್ತಾನೆ, ಅರೆಜೀವವಾಗಿ. ಅಲ್ಲಿ ಅವನನ್ನು ಎತ್ತಿಕೊಳ್ಳುವವಳು ಟೆನಾರ್. ಗೆಡ್‌ಗೆ ಒಂದು ಪಯಣದ ಅವಧಿ ಮಾತ್ರ ಕಳೆದಿದೆ. ಆದರೆ ಅವನು ಅವಳನ್ನು ಗಾಂಟ್‌ನಲ್ಲಿ ಬಿಟ್ಟುಹೋದ ಮೇಲೆ ಅವಳ ಪಾಲಿಗೆ ಸುಮಾರು ಇಪ್ಪತ್ತೈದು ವರ್ಷ ಕಳೆದುಹೋಗಿವೆ. ಆ ವರ್ಷಗಳನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಕತ್ತಲ ಗುಡಿಯಿಂದ ಹೊರಬಂದ ಆ ತೀಕ್ಷ್ಣ ಹುಡುಗಿ ಓಗಿಯಾನನ ಬಳಿ ವಿದ್ಯೆ ಕಲಿಯಬಹುದಾಗಿತ್ತು. ಅವಳು ಅದನ್ನು ಬಿಟ್ಟು ಒಬ್ಬ ರೈತನನ್ನು ಮದುವೆಯಾದಳು. ಎರಡು ಮಕ್ಕಳನ್ನು ಹೆತ್ತಳು, ಬೆಣ್ಣೆ ಕಡೆದಳು, ನೂಲು ತೆಗೆದಳು. ಈಗ ವಿಧವೆ. ಮೈಮೇಲೆ ಅತ್ಯಾಚಾರವೆಸಗಿ, ಬೆಂಕಿಯಲ್ಲಿ ಎಸೆದುಹೋದ ಒಂದು ಹೆಣ್ಣುಮಗುವನ್ನು ಎತ್ತಿ ತಂದು ಸಾಕುತ್ತಿದ್ದಾಳೆ.

ಎರಡನೆಯ ಪುಸ್ತಕದ ಕೊನೆಯಲ್ಲಿ ಉಂಗುರವನ್ನು ಧರಿಸಿ ರಾಜಧಾನಿಯ ಬಂದರಿಗೆ ಬಂದಿಳಿದ ಟೆನಾರ್ ಮೂರನೆಯದರಲ್ಲಿ ಎಲ್ಲೂ ಕಾಣುವುದಿಲ್ಲವೆಂಬುದು 1979ರಲ್ಲೇ ನನ್ನನ್ನು ಕಾಡಿತ್ತು. ಅವಳು ಎಲ್ಲಿ ಹೋದಳೆಂದು ಹಾಸ್ಟೆಲಿನ ಗೆಳತಿಯರೊಡನೆ ಚರ್ಚಿಸಿದ್ದುಂಟು. ಅವಳು ಹೋದದ್ದು ಎಲ್ಲ ಹೆಂಗಸರೂ ಹೋಗುವ ಕಡೆಗೆ ಎಂಬುದು ಲೇಖಕಿಯ ಉತ್ತರ. ಅದನ್ನು ಹೇಳಲು ಅವರಿಗೆ ಹದಿನೆಂಟು ವರ್ಷ ಬೇಕಾಯಿತು. ನಾನು ಓದಿದ್ದು ಇನ್ನೂ ತಡವಾಗಿ. ಟೆನಾರ್ ಅಡುಗೆಮನೆಯಲ್ಲಿ ನಿಂತು, ಒಲೆಯ ಬೂದಿ ಕೆದಕುತ್ತ, ತಾನು ಬಿಟ್ಟದ್ದು ಯಾವುದು, ಪಡೆದದ್ದು ಯಾವುದು ಎಂದು ಯೋಚಿಸುವ ಪುಟಗಳನ್ನು ಇಪ್ಪತ್ತೊಂದರಲ್ಲಿ ಓದಿದ್ದರೆ ನಾನು ಬೇಸರದಿಂದ ಮಗುಚಿಹಾಕುತ್ತಿದ್ದೆನೇನೋ. ಈ ವಯಸ್ಸಿನಲ್ಲಿ ಅವನ್ನು ಎರಡೆರಡು ಸಲ ಓದಿದೆ.

‘ಟೆಹಾನು’ವಿನಲ್ಲಿ ಯುದ್ಧವಿಲ್ಲ, ದೀರ್ಘ ಕಡಲ ಪಯಣವಿಲ್ಲ. ಶಕ್ತಿ ಕಳೆದುಕೊಂಡ ಗೆಡ್ ನಾಚಿಕೆಯಿಂದ ಕುಗ್ಗಿ, ಅರಸನ ದೂತರು ಹುಡುಕಿ ಬಂದರೆ ಬೆಟ್ಟಕ್ಕೆ ಓಡಿಹೋಗುತ್ತಾನೆ. ಅಲ್ಲಿ ಮತ್ತೆ ಆಡು ಕಾಯುತ್ತಾನೆ, ಬಾಲ್ಯದಲ್ಲಿ ಕಾಯುತ್ತಿದ್ದಂತೆಯೇ. ಟೆನಾರಳ ಮಗ ಊರಿಂದ ಬಂದು, ತಾನುಂಡ ತಟ್ಟೆಯನ್ನು ತೊಳೆಯುವುದು ಹೆಂಗಸರ ಕೆಲಸವೆನ್ನುತ್ತಾನೆ. ಒಂದು ಕಾಲದಲ್ಲಿ ಡ್ರ್ಯಾಗನ್‌ಗಳೊಡನೆ ಮಾತಾಡಿದ ಗೆಡ್ ಎದ್ದು ಪಾತ್ರೆ ತೊಳೆಯುತ್ತಾನೆ. ಇದನ್ನು ಕಂಡು ಹಲವು ಹಳೆಯ ಓದುಗರಿಗೆ ಕೋಪ ಬಂತು. ತಮ್ಮ ವೀರನನ್ನು ಲೇಖಕಿ ಬೇಕೆಂದೇ ಕೆಳಗಿಳಿಸಿದರು, ಮಂತ್ರದ ಲೋಕಕ್ಕೆ ತಮ್ಮ ಕಾಲದ ವಾದವನ್ನು ತುರುಕಿದರು ಎಂದು ದೂರಿದರು. ಆ ಮುನಿಸು ಪೊಳ್ಳಲ್ಲ. ಎಳವೆಯಲ್ಲಿ ಮೆಚ್ಚಿದ ಲೋಕ ಇದ್ದಂತೆಯೇ ಇರಲಿ ಎಂದು ಬಯಸುವುದು ಸಹಜ. ಮಾಲೆಗಳಿಗೆ ಹಿಂದಿರುಗುವವರಲ್ಲಿ ಮುಕ್ಕಾಲು ಪಾಲು ಜನ ಹಿಂದಿರುಗುವುದೇ ಅದಕ್ಕಾಗಿ. ಲೇಖಕಿಯೇ 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಉಪನ್ಯಾಸ ಕೊಟ್ಟು, ಗಂಡಸನ್ನೇ ಕೇಂದ್ರದಲ್ಲಿಡುವ ವೀರಕಥೆಯ ಹಳೆಯ ಸಂಪ್ರದಾಯದೊಳಗೆ ನಿಂತು ಮೊದಲ ಪುಸ್ತಕಗಳನ್ನು ಬರೆದದ್ದು ಹೇಗೆ, ಅದರಿಂದ ಹೊರಗೆ ನಿಂತು ನಾಲ್ಕನೆಯದನ್ನು ಬರೆದದ್ದು ಹೇಗೆ ಎಂಬುದನ್ನು ವಿವರಿಸಿದರು.

ಹಳೆಯ ಕಥೆಗೆ ಹೊಸ ಕಣ್ಣು ಕೊಡುವುದು ನಮಗೆ ಅಪರಿಚಿತವೇನಲ್ಲ. ಪಂಪನ ಕರ್ಣ ಬೇರೆ, ಕುಮಾರವ್ಯಾಸನ ಕರ್ಣ ಬೇರೆ. ಕುವೆಂಪು ಅವರ ಮಂಥರೆ ಹಿಂದಿನ ಯಾವ ಮಂಥರೆಯಂತೆಯೂ ಇಲ್ಲ. ಆದರೆ ಅಲ್ಲಿ ಕವಿ ಬದಲಾಗಿದ್ದಾನೆ, ಶತಮಾನ ಬದಲಾಗಿದೆ. ಲೆ ಗ್ವಿನ್ ಅವರ ಸಂದರ್ಭದಲ್ಲಿ ವ್ಯಾಸನೂ ಅವರೇ, ಪಂಪನೂ ಅವರೇ. ಅವರು ಹಳೆಯ ಪುಸ್ತಕಗಳನ್ನು ತಿದ್ದಿ ಮರುಮುದ್ರಿಸುವ ದಾರಿ ಹಿಡಿಯಲಿಲ್ಲ. ಮೊದಲು ಹೇಳಿದ್ದನ್ನು ಹಾಗೆಯೇ ಉಳಿಸಿ, ಅದನ್ನು ಹೇಳಿದವರು ಯಾರೆಂದು ಕೇಳಿದರು.

ಇದಕ್ಕೆ ಒಂದು ಉದಾಹರಣೆ. ಹೆಂಗಸಿನ ಮಂತ್ರ ದುರ್ಬಲವೆಂದು ಒಂದು, ಅದು ಕೇಡಿನದೆಂದು ಇನ್ನೊಂದು, ಹೀಗೆ ಗಾಂಟ್ ದ್ವೀಪದ ಜನ ಆಡುವ ಎರಡು ಗಾದೆಗಳು ಮೊದಲ ಪುಸ್ತಕದಲ್ಲೇ ಬರುತ್ತವೆ. ಗೆಡ್‌ಗೆ ಮೊದಲ ಮಂತ್ರಾಕ್ಷರಗಳನ್ನು ಕಲಿಸಿದವಳು ಅವನ ಸೋದರತ್ತೆ ಅಲ್ಲ, ತಾಯಿಯ ಸೋದರಿ, ಊರಿನ ಮಾಟಗಾತಿ. ಕಥೆ ಅವಳನ್ನು ಬೇಗ ಹಿಂದೆ ಬಿಟ್ಟು ಮುಂದೆ ಸಾಗುತ್ತದೆ. ರೋಕ್‌ನ ಗುರುಕುಲದಲ್ಲಿ ಹೆಣ್ಣಿಗೆ ಪ್ರವೇಶವಿಲ್ಲ. ಅದೇಕೆಂದು ಯಾರೂ ಕೇಳುವುದಿಲ್ಲ. ‘ಟೆಹಾನು’ವಿನಲ್ಲಿ ಟೆನಾರ್ ಅದೇ ಗಾದೆಗಳನ್ನು ಇನ್ನೊಬ್ಬ ಮಾಟಗಾತಿಯೊಡನೆ ಕುಳಿತು ಬಿಡಿಸಿ ನೋಡುತ್ತಾಳೆ. 2001ರ ಸಂಕಲನದ ಮೊದಲ ಕಥೆ ಮುನ್ನೂರು ವರ್ಷ ಹಿಂದಕ್ಕೆ ಹೋಗಿ, ರೋಕ್‌ನ ಗುರುಕುಲವನ್ನು ಕಟ್ಟಿದವರಲ್ಲಿ ಹೆಂಗಸರಿದ್ದರು, ಅವರನ್ನು ಹೊರಗಿಟ್ಟದ್ದು ಆಮೇಲೆ ಎಂಬುದನ್ನು ತೋರಿಸುತ್ತದೆ. ಗಾದೆಯೂ ನಿಷೇಧವೂ ಪ್ರಕೃತಿಯ ನಿಯಮಗಳಾಗಿರಲಿಲ್ಲ. ಒಂದು ಕಾಲದಲ್ಲಿ ಯಾರೋ ಮಾಡಿ, ಮಾಡಿದ್ದನ್ನು ಮರೆತ ಸಂಗತಿಗಳಾಗಿದ್ದವು. ಇದನ್ನು ತಿಳಿದು ಮೊದಲ ಪುಸ್ತಕಕ್ಕೆ ಮರಳಿದರೆ ಒಂದಕ್ಷರವೂ ಬದಲಾಗಿಲ್ಲ, ಆದರೂ ಆ ಅತ್ತೆಯಮ್ಮ ಪುಟದ ಮೂಲೆಯಿಂದ ನಮ್ಮನ್ನು ನೋಡುತ್ತಿರುತ್ತಾಳೆ.

ಇದಕ್ಕಿಂತ ದೊಡ್ಡದು ಸಾವಿನ ವಿಷಯ. ನೆಲಗಡಲಿನಲ್ಲಿ ಸತ್ತವರು ಹೋಗುವ ನಾಡನ್ನು ಒಣನಾಡು ಎನ್ನುತ್ತಾರೆ. ಇಳಿಜಾರಿನ ಬುಡದಲ್ಲಿ ಒಂದು ಮೋಟುಗೋಡೆ. ಕಲ್ಲಿನ ಮೇಲೆ ಕಲ್ಲಿಟ್ಟ, ಕಾಲೆತ್ತಿದರೆ ದಾಟಬಹುದಾದ ಗೋಡೆ. ಆಚೆಗೆ ನೀರಿಲ್ಲ, ಗಾಳಿಯಿಲ್ಲ, ಸೂರ್ಯನಿಲ್ಲ. ಮಿನುಗದ, ಅಸ್ತಮಿಸದ ನಕ್ಷತ್ರಗಳಿವೆ. ಸತ್ತವರು ಅಲ್ಲಿನ ಊರುಗಳಲ್ಲಿ ನೋವಿಲ್ಲದೆ, ಆಸೆಯಿಲ್ಲದೆ ನಡೆದಾಡುತ್ತಾರೆ. ತಾಯಿ ಮಗುವನ್ನು ಕಂಡರೂ ಅಪ್ಪುವುದಿಲ್ಲ. ಪ್ರೀತಿಗಾಗಿ ಪ್ರಾಣ ಬಿಟ್ಟವರು ಬೀದಿಯಲ್ಲಿ ಎದುರಾದರೂ ಗುರುತಿಲ್ಲದವರಂತೆ ಹಾದುಹೋಗುತ್ತಾರೆ. ಮೂರನೆಯ ಪುಸ್ತಕದ ವಾದ ಇದನ್ನು ಒಪ್ಪಿಕೊಂಡೇ ನಿಂತಿದೆ: ಸಾವು ಅನಿವಾರ್ಯ, ಅದನ್ನು ಒಲ್ಲೆನೆಂದವನು ಬದುಕನ್ನೂ ಕೆಡಿಸುತ್ತಾನೆ. ವಿದ್ಯಾರ್ಥಿದಶೆಯಲ್ಲಿ ಈ ವಾದದ ಗಾಂಭೀರ್ಯ ನನಗೆ ಬಹಳ ಹಿಡಿಸಿತು. ಬೀದಿಯಲ್ಲಿ ಹಾದುಹೋಗುವ ಪ್ರೇಮಿಗಳ ಚಿತ್ರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ, ಉತ್ತಮ ಪ್ರತಿಮೆಯೆಂದು.

ನನ್ನ ಯಜಮಾನರು ತೀರಿಕೊಂಡು ಈಗ ನಾಲ್ಕು ವರ್ಷ. ಅವರ ಕೊನೆಯ ವಾರಗಳಲ್ಲಿ ನಾನು ಯಾರೆಂಬ ಗುರುತು ಅವರಿಗೆ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಮರುಓದಿನಲ್ಲಿ ಆ ಬೀದಿಯ ಪುಟಕ್ಕೆ ಬಂದಾಗ ಪುಸ್ತಕವನ್ನು ಮುಚ್ಚಿಟ್ಟೆ. ಹತ್ತು ದಿನ ತೆರೆಯಲಿಲ್ಲ. ಅದು ಪ್ರತಿಮೆಯಾಗಿ ಉಳಿದಿರಲಿಲ್ಲ.

‘ದಿ ಅದರ್ ವಿಂಡ್’ ಆರಂಭವಾಗುವುದು ಈ ಗೋಡೆಯ ಬಳಿಯೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆಲ್ಡರ್ ಎಂಬವನು ಒಡೆದ ಮಡಕೆ ಕುಡಿಕೆಗಳನ್ನು ಮಂತ್ರದಿಂದ ಕೂಡಿಸುವ ಸಣ್ಣ ವಿದ್ಯೆಯವನು. ಅವನ ಹೆಂಡತಿ ಲಿಲಿ ಸತ್ತಿದ್ದಾಳೆ. ಕನಸಿನಲ್ಲಿ ಅವನು ಆ ಗೋಡೆಯ ಬಳಿಗೆ ಹೋಗುತ್ತಾನೆ; ಆಚೆಯಿಂದ ಲಿಲಿ ಬಂದು, ಕೈಚಾಚಿ ಅವನನ್ನು ಮುಟ್ಟುತ್ತಾಳೆ. ಮುಂದಿನ ರಾತ್ರಿಗಳಲ್ಲಿ ಸತ್ತವರು ಗುಂಪುಗುಂಪಾಗಿ ಬಂದು ತಮ್ಮನ್ನು ಬಿಡಿಸೆಂದು ಬೇಡುತ್ತಾರೆ. ನಿದ್ರೆಗೆಟ್ಟ ಆಲ್ಡರ್ ಗಾಂಟ್‌ಗೆ ಬರುತ್ತಾನೆ. ಅಲ್ಲಿ ಎಪ್ಪತ್ತರ ಆಸುಪಾಸಿನ ಗೆಡ್ ಹಣ್ಣು ಕೊಯ್ದುಕೊಂಡು, ಆಡು ಕೋಳಿ ನೋಡಿಕೊಂಡು ಇದ್ದಾನೆ. ಕನಸನ್ನು ಕೇಳಿ ಅವನಿಗೆ ದಿಗಿಲಾಗುತ್ತದೆ. ಸತ್ತವರಿಗೆ ಪ್ರೀತಿ ಉಳಿಯುವುದಿಲ್ಲವೆಂಬುದು ಅವನು ಕಣ್ಣಾರೆ ಕಂಡು ಬಂದ ಸತ್ಯ. ಹಾಗಿದ್ದರೆ ಲಿಲಿ ಗಂಡನನ್ನು ಗುರುತಿಸಿದ್ದು ಹೇಗೆ? ಲೇಖಕಿ ತಮ್ಮ ಮೂರನೆಯ ಪುಸ್ತಕದ ಆಧಾರಸ್ತಂಭವೊಂದನ್ನು ಹೀಗೆ ಕೈಯಿಟ್ಟು ಅಲುಗಿಸುತ್ತಾರೆ.

ಉತ್ತರ ಬಿಡಿಬಿಡಿಯಾಗಿ ದೊರೆಯುತ್ತದೆ. ಮೂಡಣ ನಾಡಿನಿಂದ ಬಂದ ರಾಜಕುಮಾರಿಯೊಬ್ಬಳ ಜನ, ಸತ್ತ ಮೇಲೆ ಮತ್ತೆ ಹುಟ್ಟುತ್ತೇವೆಂದು ನಂಬುವವರು. ಒಣನಾಡಿನಲ್ಲಿ ಆ ಜನದವರು ಯಾರೂ ಇಲ್ಲ. ಪ್ರಾಣಿಗಳೂ ಇಲ್ಲ. ಅಲ್ಲಿಗೆ ಹೋಗುವವರು ನಿಜನಾಮವುಳ್ಳ, ಮಂತ್ರವನ್ನು ನೆಚ್ಚಿದ ಜನ ಮಾತ್ರ. ಆದಿಯಲ್ಲಿ ಮನುಷ್ಯರೂ ಡ್ರ್ಯಾಗನ್‌ಗಳೂ ಒಂದೇ ಕುಲವಾಗಿದ್ದರು. ಬೇರೆಯಾಗುವಾಗ ಮನುಷ್ಯರು ನೆಲವನ್ನೂ ಒಡೆತನವನ್ನೂ ಆರಿಸಿಕೊಂಡರು, ಡ್ರ್ಯಾಗನ್‌ಗಳು ಗಾಳಿಯನ್ನೂ ಸ್ವಾತಂತ್ರ್ಯವನ್ನೂ. ಆಮೇಲೆ ಮಾಂತ್ರಿಕರಿಗೆ ಚಿರಂಜೀವಿತ್ವದ ಆಸೆ ಹುಟ್ಟಿತು. ಒಪ್ಪಂದ ಮುರಿದು, ಡ್ರ್ಯಾಗನ್‌ಗಳ ಪಾಲಿನ ಪಡುವಣ ನೆಲದ ಒಂದು ಭಾಗವನ್ನು ಕದ್ದು, ಗೋಡೆ ಕಟ್ಟಿಕೊಂಡರು, ಸತ್ತ ಮೇಲೆ ಅಲ್ಲಿ ಸದಾ ಇರಬಹುದೆಂದು. ಗೋಡೆ ಕಟ್ಟಿದ ಗಳಿಗೆಯಲ್ಲೇ ಅಲ್ಲಿ ಗಾಳಿ ನಿಂತಿತು, ನೀರು ಬತ್ತಿತು. ಒಣನಾಡು ಸಾವಿನ ಸಹಜ ರೂಪವಾಗಿರಲಿಲ್ಲ. ಮನುಷ್ಯನ ಲೋಭಕ್ಕೆ ಸಿಕ್ಕ ಸ್ವರ್ಗ ಅದು.

ಗೋಡೆಯನ್ನು ಕೊನೆಗೆ ಕೆಡವುತ್ತಾರೆ. ಮೊದಲ ಕಲ್ಲುಗಳನ್ನು ಕೀಳುವವರಲ್ಲಿ ಆಲ್ಡರ್ ಇದ್ದಾನೆ, ಬದುಕಿಡೀ ಒಡೆದದ್ದನ್ನು ಕೂಡಿಸಿದವನು. ಸುಟ್ಟ ಮೈಯ ಆ ಹೆಣ್ಣುಮಗು, ಟೆಹಾನು, ಈಗ ತರುಣಿ; ಅವಳೂ ಅಲ್ಲಿದ್ದಾಳೆ. ಸತ್ತವರು ಬಿರುಕನ್ನು ದಾಟಿ ಬರುತ್ತಾರೆ, ಬೆಳಕಿಗೆ ಬಂದೊಡನೆ ಧೂಳಾಗಿ, ಉಸಿರಾಗಿ ಗಾಳಿಯಲ್ಲಿ ಕರಗುತ್ತಾರೆ. ಲಿಲಿಯೂ ಹಾಗೆಯೇ, ಅವಳೊಡನೆ ಆಲ್ಡರನೂ. ಪುನರ್ಮಿಲನದ ಸುಖಾಂತವನ್ನು ಲೇಖಕಿ ಕೊಡುವುದಿಲ್ಲ. ಸತ್ತವರು ಎಲ್ಲೋ ಕ್ಷೇಮವಾಗಿ ಕಾದಿದ್ದಾರೆಂಬ ಮಾತಿಲ್ಲ. ಮೂರನೆಯ ಪುಸ್ತಕದ ಬೋಧೆ, ಸಾವನ್ನು ಒಪ್ಪಬೇಕೆಂಬುದು, ಇಲ್ಲಿ ಇನ್ನಷ್ಟು ಗಟ್ಟಿಯಾಗಿದೆ: ಒಣನಾಡಿನಲ್ಲಿ ಹೆಸರಾದರೂ ಉಳಿಯುತ್ತಿತ್ತು, ಇಲ್ಲಿ ಅದೂ ಇಲ್ಲ. ಆದರೂ ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆದು ಇಲ್ಲಿಯವರೆಗೆ ಬಂದ ನನಗೆ ಉಸಿರು ಹಗುರವಾಯಿತು. ಎದುರಾದರೂ ಗುರುತಿಸದೆ ಹಾದುಹೋಗುವ ಆ ಬೀದಿ ಈಗ ಇಲ್ಲ.

ಮರುಓದಿನಲ್ಲಿ ಕಂಡ ಒಂದು ಸಣ್ಣ ಸಂಗತಿ. ಮೊದಲ ಪುಸ್ತಕದಲ್ಲಿ ತರುಣ ಗೆಡ್ ಸಾಯುತ್ತಿರುವ ಒಂದು ಮಗುವಿನ ಪ್ರಾಣವನ್ನು ಬೆನ್ನಟ್ಟಿ ಆ ಇಳಿಜಾರಿನಲ್ಲಿ ಅತಿಯಾಗಿ ಇಳಿದುಬಿಡುತ್ತಾನೆ. ಹಿಂದಿರುಗಿ ಬಂದವನು ಎಚ್ಚರವಿಲ್ಲದೆ ಬಿದ್ದಿರುತ್ತಾನೆ. ಮಾಂತ್ರಿಕರ್ಯಾರೂ ಅವನನ್ನು ಎಬ್ಬಿಸುವುದಿಲ್ಲ. ಅವನು ಸಾಕಿದ್ದ ಇಲಿಯಷ್ಟು ದೊಡ್ಡ ಪ್ರಾಣಿಯೊಂದು ಪಕ್ಕದಲ್ಲಿ ಕುಳಿತು ನೆಕ್ಕುತ್ತದೆ, ಅದರ ಸ್ಪರ್ಶಕ್ಕೆ ಅವನು ಎಚ್ಚರಗೊಳ್ಳುತ್ತಾನೆ. ಮೂವತ್ತಮೂರು ವರ್ಷಗಳ ನಂತರ ಬರೆದ ಪುಸ್ತಕದಲ್ಲಿ, ಕನಸು ಬೀಳದಂತೆ ಮಲಗಲು ಆಲ್ಡರ್‌ಗೆ ಒಂದು ಬೆಕ್ಕಿನ ಮರಿ ಸಿಗುತ್ತದೆ. ಅದನ್ನು ಮಗ್ಗುಲಲ್ಲಿಟ್ಟುಕೊಂಡ ರಾತ್ರಿ ಅವನು ಗೋಡೆಯ ಬಳಿಗೆ ಹೋಗುವುದಿಲ್ಲ. ಹೆಸರಿಲ್ಲದ, ಮಾತಿಲ್ಲದ ಜೀವದ ಬಿಸುಪು ಮಂತ್ರಕ್ಕಿಂತ ಹೆಚ್ಚಿನದೆಂಬ ಸೂಚನೆ 1968ರಲ್ಲೇ ಅಲ್ಲಿತ್ತು. ಅರ್ಥ ಬಿಚ್ಚಿಕೊಳ್ಳಲು 2001 ಬರಬೇಕಾಯಿತು.

ಕೊರತೆಗಳಿಲ್ಲವೆಂದಲ್ಲ. ‘ಟೆಹಾನು’ವಿನ ದುಷ್ಟ ಮಾಂತ್ರಿಕ ಬಡಕಲು ಪಾತ್ರ, ಅವನ ಹಗೆತನಕ್ಕೆ ತಕ್ಕ ಆಳ ಅವನಿಗಿಲ್ಲ. ಪುಸ್ತಕದ ಕೊನೆಯಲ್ಲಿ ಡ್ರ್ಯಾಗನ್ ಬಂದು ಎಲ್ಲವನ್ನೂ ಪರಿಹರಿಸುವುದು ಆತುರದ ಮುಕ್ತಾಯ. ‘ದಿ ಅದರ್ ವಿಂಡ್’ನಲ್ಲಿ ಅರಮನೆಯ ಸಭೆಗಳು ಉದ್ದವಾದವು, ಒಣನಾಡಿನ ಮೂಲವನ್ನು ವಿವರಿಸುವ ಮಾತುಗಳಲ್ಲಿ ಕಥೆಗಾರ್ತಿ ಹಿಂದೆ ಸರಿದು ಅಧ್ಯಾಪಕಿ ಮುಂದೆ ಬರುತ್ತಾಳೆ, ಅಧ್ಯಾಪಕಿಯಾಗಿದ್ದ ನನಗೆ ಅದರ ವಾಸನೆ ಬೇಗ ಬಡಿಯುತ್ತದೆ. ಬಿಗಿಯಾದ ಕಟ್ಟಡದ ದೃಷ್ಟಿಯಿಂದ ಎರಡನೆಯ ಪುಸ್ತಕವನ್ನು ಮೀರಿದ್ದು ಮಾಲೆಯಲ್ಲಿ ಇನ್ನೊಂದಿಲ್ಲ.

ಕೊನೆಯ ಕಥೆಯ ಹೆಸರು ‘ಫೈರ್‌ಲೈಟ್’. ಕೆಲವೇ ಪುಟ. ಮುದುಕ ಗೆಡ್ ಹಾಸಿಗೆ ಹಿಡಿದಿದ್ದಾನೆ, ಟೆನಾರ್ ಬಳಿಯಲ್ಲಿದ್ದಾಳೆ, ಒಲೆಯ ಬೆಳಕಿನಲ್ಲಿ ಅವನು ತನ್ನ ಹಳೆಯ ದೋಣಿಯನ್ನು ನೆನೆಯುತ್ತಾನೆ. ಕಥೆ ಅಚ್ಚಾದದ್ದು ಲೇಖಕಿ ತೀರಿಕೊಂಡ ಕೆಲವು ತಿಂಗಳ ನಂತರ, ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ. ದೊಡ್ಡ ಸಂಪುಟದಲ್ಲಿ ಅದು ಕಾದಂಬರಿಗಳೆಲ್ಲ ಮುಗಿದ ಮೇಲೆ ಬರುತ್ತದೆ.

ಓದಬೇಕೆನ್ನುವವರು ಪ್ರಕಟವಾದ ಕ್ರಮದಲ್ಲೇ ಓದಬೇಕು. ಕಥೆಯೊಳಗಿನ ಕಾಲಕ್ಕೆ ತಕ್ಕಂತೆ ಜೋಡಿಸಿಕೊಂಡರೆ ಮುನ್ನೂರು ವರ್ಷ ಹಿಂದಿನ ಕಥೆ ಮೊದಲಾಗುತ್ತದೆ, ಆಗ ಗಾದೆಗಳೂ ಗೋಡೆಯೂ ಆರಂಭದಲ್ಲೇ ಪ್ರಶ್ನೆಗಳಾಗಿಬಿಡುತ್ತವೆ. ಅವನ್ನು ಮೊದಲು ನಿಯಮಗಳೆಂದು ನಂಬಬೇಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಸ್ವಲ್ಪ ಕಾಲ ಬಿಡುವುದು ಒಳ್ಳೆಯದು. ಹದಿನೆಂಟು ವರ್ಷ ಬೇಕೆಂದು ನಾನು ಹೇಳಲಾರೆ. ಒಂದು ಮಳೆಗಾಲ ಸಾಕು.